ಡೇನರ ಊರು, ತಾತನ ಮೊಳೆ

ಬೆಳಗ್ಗೆ ಪುದುಚೇರಿಯಲ್ಲಿ ಬಸ್ ಹತ್ತಿ, ಮೂರೂವರೆ ಗಂಟೆಗೂ ಜಾಸ್ತಿ ಕೂತು, ಕೊನೆಗೆ ಮತ್ತೆ ಪುದುಚೇರಿಯಲ್ಲೇ ಇಳಿದವನು ನಾನು. ಹೋಗಬೇಕಾಗಿದ್ದು ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ. ಚಿದಂಬರಂವರೆಗೆ ಎಚ್ಚರವಾಗೇ ಇದ್ದೆ, ಆಮೇಲೆ ಕಿಟಕಿ ಗಾಳಿಗೆ ಕಣ್ಣು ಹತ್ತಿತು. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಿದಾಗ ಕಾರೈಕಾಲ್ ಬಂದಿತ್ತು. ಸುತ್ತ ತಮಿಳುನಾಡೇ ಇದ್ದರೂ ಕಾರೈಕಾಲ್ ಪುದುಚೇರಿ ಆಡಳಿತಕ್ಕೆ ಸೇರಿದ್ದು. ಎಂ.ಎ. ಓದಲು ಬಂದು ಒಂದು ವರ್ಷವಾದರೂ ಅದನ್ನು ನಕ್ಷೆಯಲ್ಲಿ ಮಾತ್ರ ನೋಡಿದ್ದೆ. ವಾಪಸ್ ಹೋಗುವ ಬಸ್ ಹುಡುಕಿ, ಈ ಸಲ ನಿಂತುಕೊಂಡೇ ಹೋದೆ.

ತರಂಗಂಬಾಡಿಗೇ ಯಾಕೆ ಅಂದರೆ, ಕಾರಣ ನಮ್ಮ ತಾತ. ಅವರು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ರಸೀದಿ ಪುಸ್ತಕ, ಎಲ್ಲಾ ಒಂದೊಂದೇ ಅಕ್ಷರ ಕೂಡಿಸಿ. ಈಗಲೂ ಯಾವ ಪುಸ್ತಕ ಕೈಗೆ ಕೊಟ್ಟರೂ ಮೊದಲು ತಲೆಕಟ್ಟು ನೇರ ಇದೆಯಾ ಅಂತ ನೋಡುತ್ತಾರೆ, ವಿಷಯ ಆಮೇಲೆ.

ತರಂಗಂಬಾಡಿ ಡೇನರ, ಅಂದರೆ ಡೆನ್ಮಾರ್ಕಿನವರ ಊರು. ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು 1620ರಲ್ಲಿ ಇಲ್ಲಿ ನೆಲೆಯೂರಿ ಕೋಟೆ ಕಟ್ಟಿದರು. 1792ರ ಊರ ಬಾಗಿಲು ಇನ್ನೂ ಇದೆ. ಅದರೊಳಗೆ ನುಗ್ಗಿ ನೇರ ನಡೆದರೆ ಸಮುದ್ರ, ಅಷ್ಟೇ ಊರು. ಕೋಟೆಯನ್ನು ಬೇಗ ನೋಡಿ ಮುಗಿಸಿದೆ. ಬಿಸಿಲಿಗೆ ಗೋಡೆ ಮುಟ್ಟಿದರೆ ಸುಡುತ್ತಿತ್ತು. ದಡದಲ್ಲಿ ಮಾಸಿಲಾಮಣಿನಾಥರ ದೇವಸ್ಥಾನ ಇದೆ, ಪಾಂಡ್ಯರ ಕಾಲದ್ದು. ಅದರ ಮುಂಭಾಗವನ್ನು ಸಮುದ್ರ ಯಾವತ್ತೋ ತಿಂದುಹಾಕಿದೆ. ಮುಂದೆ ಸುರಿದಿರುವ ದೊಡ್ಡ ಬಂಡೆಗಳ ಮೇಲೆ ಕೂತು ತಂದಿದ್ದ ಲೆಮನ್ ರೈಸ್ ತಿಂದೆ.

ನಾನು ನಿಜವಾಗಿ ನೋಡಬೇಕಿದ್ದದ್ದು ನ್ಯೂ ಜೆರುಸಲೇಂ ಚರ್ಚು. 1718ರದ್ದು. ಒಳಗೆ ಬಾರ್ತೊಲೊಮೇಯಸ್ ಜೀಗನ್‌ಬಾಲ್ಗ್‌ನ ಸಮಾಧಿ ಇದೆ. ಜರ್ಮನ್ ಪಾದ್ರಿ, 1706ರಲ್ಲಿ ಬಂದವನು. ಮಕ್ಕಳ ಜೊತೆ ನೆಲದಲ್ಲಿ ಕೂತು, ಮರಳಿನ ಮೇಲೆ ಬೆರಳಲ್ಲಿ ಬರೆದು ತಮಿಳು ಕಲಿತನಂತೆ. ಸತ್ತಾಗ ಬರೀ 36 ವರ್ಷ. ಅಷ್ಟರಲ್ಲಿ ಇಲ್ಲಿ ಅಚ್ಚುಕೂಟ ಹಾಕಿಸಿ, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು 1715ರ ಹೊತ್ತಿಗೆ ತಮಿಳಿನಲ್ಲಿ ಅಚ್ಚು ಹಾಕಿ ಮುಗಿಸಿದ್ದ. ತಮಿಳಿನಲ್ಲಿ ಅಚ್ಚಿನ ಕೆಲಸ ಇದಕ್ಕೂ ಮೊದಲೇ ಶುರುವಾಗಿತ್ತು, ಅದು ಬೇರೆ ಮಾತು. ನನಗೆ ಇಷ್ಟವಾದದ್ದು ಮೊಳೆಗಳ ಕತೆ. ತಮಿಳು ಮೊಳೆಗಳು ಜರ್ಮನಿಯ ಹಾಲೆಯಿಂದ ಹಡಗಲ್ಲಿ ಬಂದವು, ಆದರೆ ತೀರಾ ದಪ್ಪ. ಅಕ್ಷರ ದೊಡ್ಡದಾದರೆ ಕಾಗದ ಜಾಸ್ತಿ ಬೇಕಲ್ವಾ, ಕಾಗದವೋ ಸಮುದ್ರ ದಾಟಿ ಬರಬೇಕು. ಅದಕ್ಕೆ ಇಲ್ಲೇ ಚಿಕ್ಕ ಮೊಳೆ ಎರಕ ಹೊಯ್ದರು. ಅದಕ್ಕೆ ಬೇಕಾದ ಸೀಸ ಇಂಗ್ಲೆಂಡಿನಿಂದ ಬರುತ್ತಿದ್ದ ಚೀಸ್ ಡಬ್ಬಿಗಳ ಮುಚ್ಚಳದ್ದು ಅಂತ ಹೇಳುತ್ತಾರೆ.

ಇನ್ನೊಂದು ವಿಷಯ. 1845ರಲ್ಲಿ ಡೇನರು ಈ ಊರನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿದರು. ಬಂಗಾಳದ ಶ್ರೀರಾಮಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ. ಅದೇ ಶ್ರೀರಾಮಪುರದಲ್ಲಿ, ಅದು ಇನ್ನೂ ಡೇನರ ಕೈಯಲ್ಲಿದ್ದಾಗ, 1817ರಲ್ಲಿ ಇಂಗ್ಲಿಷ್ ಪಾದ್ರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿದ್ದು. ಅಂದರೆ ತಾತ ಜೀವಮಾನವಿಡೀ ಮಾಡಿದ ಕೆಲಸದ ಒಂದು ಬೇರು ಈ ಊರಿನ ಜೋಡಿ ಊರಿನಲ್ಲಿದೆ. ಇದು ಹೊಳೆದಾಗ ನಾನು ಚರ್ಚಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದೆ. ಸುಮ್ನೆ ಇರೋಕಾಗಲಿಲ್ಲ, ಹೊರಗೆ ಬಂದು ಫೋನ್ ಮಾಡಿದೆ.

ಡೇನರು, ಕೇರಿ, ಶ್ರೀರಾಮಪುರ ಎಲ್ಲದಕ್ಕೂ ತಾತ ಹೂಂಗುಟ್ಟಿದರು. ಚೀಸ್ ಮುಚ್ಚಳ ಅಂದಾಗ ಮಾತ್ರ ಕಿವಿ ನೆಟ್ಟಗಾಯಿತು.

"ಬರೀ ಸೀಸಾನಾ? ತವರ, ಆಂಟಿಮನಿ ಏನೂ ಬೆರೆಸಲಿಲ್ವಾ?"

"ಗೊತ್ತಿಲ್ಲ ತಾತ."

"ಬರೀ ಸೀಸ ಮೆತ್ತಗೆ ಕಣೋ. ನಾಲ್ಕು ಸಲ ಒತ್ತೋಷ್ಟರಲ್ಲಿ ಒತ್ತಕ್ಷರ ಎಲ್ಲಾ ಚಪ್ಪಟೆಯಾಗಿಬಿಡುತ್ತೆ."

"ತಮಿಳಲ್ಲಿ ಒತ್ತಕ್ಷರ ಇಲ್ಲ ತಾತ."

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. "ಹಾಂ, ಹಂಗಾದ್ರೆ ಬಚಾವಾದ್ರು ಬಿಡು" ಅಂದರು.