ಮೊನೆ ಮುಟ್ಟಿದರೆ ಪದರ ಕದಲುವುದಿಲ್ಲವೇ?

ಪಾಲಿಮರ್ ತೆಳುಪದರಗಳ ಚಲನೆಯನ್ನು ಅತಿವೇಗದ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ, ಪ್ರಯೋಗಾಲಯದ ಮಾತಿನಲ್ಲಿ ಎಎಫ್‌ಎಂನಲ್ಲಿ, ನೋಡುತ್ತೇನೆ ಎಂದ ಕೂಡಲೇ ಎಲ್ಲರೂ ಒಂದೇ ಪ್ರಶ್ನೆಗೆ ಬರುತ್ತಾರೆ. “ನಿಮ್ಮ ಉಪಕರಣ ನೋಡುವುದೇ ಮುಟ್ಟಿ. ಒಣಗದ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದ ಹಾಗಾಯಿತಲ್ಲ? ಕಾಣುವ ಚಲನೆ ಪದರದ್ದೋ, ಮೊನೆ ಎಬ್ಬಿಸಿದ್ದೋ?”

ಮೊನೆ ಪದರವನ್ನು ಕದಲಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಎಷ್ಟು ಕದಲಿಸುತ್ತದೆ ಎಂಬುದನ್ನು ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸುವುದಕ್ಕೆ ವೇಗವೇ ಬೇಕು ಎಂಬುದು ನನ್ನ ಉತ್ತರ.

ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ 1986ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಕ್ಯಾಂಟಿಲಿವರ್ ಎಂಬ ಸಣ್ಣ ಪಟ್ಟಿಯ ತುದಿಯಲ್ಲಿರುವ ಚೂಪಾದ ಮೊನೆ ಮೇಲ್ಮೈಯನ್ನು ಸಾಲುಸಾಲಾಗಿ ತಡವುತ್ತದೆ. ಸಾಮಾನ್ಯ ಉಪಕರಣದಲ್ಲಿ ಒಂದು ಚಿತ್ರಕ್ಕೆ ಹಲವು ನಿಮಿಷ ಬೇಕು. ಆ ನಿಧಾನವೇ ಮೊದಲ ತೊಡಕು. ಸೆಕೆಂಡಿಗೆ ಒಂದು ನ್ಯಾನೋಮೀಟರ್ ಬೆಳೆಯುವ ಪಾಲಿಮರ್ ಹರಳಿನ ಅಂಚು ಐದು ನಿಮಿಷದಲ್ಲಿ 300 ನ್ಯಾನೋಮೀಟರ್ ಮುಂದೆ ಹೋಗಿರುತ್ತದೆ. ಚಿತ್ರದ ಮೇಲಿನ ಸಾಲು ಒಂದು ಕಾಲದ್ದು, ಕೆಳಗಿನ ಸಾಲು ಇನ್ನೊಂದು ಕಾಲದ್ದು. ಅದನ್ನು ಒಂದೇ ಚಿತ್ರವೆಂದು ಓದಿದರೆ ಹರಳಿನ ಆಕಾರವನ್ನೇ ತಪ್ಪಾಗಿ ತಿಳಿಯುತ್ತೇವೆ.

ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತೊಶಿಯೊ ಆಂಡೊ ಅವರ ತಂಡ 2001ರಲ್ಲಿ ಒಂದು ಚಿತ್ರವನ್ನು 80 ಮಿಲಿಸೆಕೆಂಡಿನಲ್ಲಿ ಪಡೆದು ತೋರಿಸಿತು. 2010ರಲ್ಲಿ ಅದೇ ತಂಡ ಮಯೋಸಿನ್ ಪ್ರೋಟೀನ್ ಆಕ್ಟಿನ್ ಎಳೆಯ ಮೇಲೆ ಹೆಜ್ಜೆಯಿಡುವುದನ್ನು ಸೆರೆಹಿಡಿದಾಗ ಈ ವಿಧಾನ ಹೆಸರಾಯಿತು. ಜೀವಶಾಸ್ತ್ರಕ್ಕೆಂದು ರೂಪುಗೊಂಡ ಆ ಉಪಕರಣದಿಂದ ಪಾಲಿಮರ್ ಅಧ್ಯಯನಕ್ಕೂ ಅಷ್ಟೇ ಲಾಭವಾಗಿದೆ ಎಂದು ನಾನು ನಂಬುತ್ತೇನೆ.

ಈಗ ಮುಟ್ಟುವಿಕೆಯ ಲೆಕ್ಕ. 200 ನ್ಯಾನೋಮೀಟರ್ ಅಗಲದ ಜಾಗ, ನೂರು ಸಾಲು, ಸೆಕೆಂಡಿಗೆ ಹತ್ತು ಚಿತ್ರ ಎಂದುಕೊಳ್ಳಿ. ಹೋಗಿ ಬರುವ ದೂರ ಸೇರಿ ಮೊನೆ ಸೆಕೆಂಡಿಗೆ 0.4 ಮಿಲಿಮೀಟರ್ ಓಡುತ್ತದೆ. ಒತ್ತಿಕೊಂಡೇ ಅಷ್ಟು ವೇಗವಾಗಿ ಓಡಿದರೆ ಮೆದು ಪದರ ಉಳಿಯುವುದಿಲ್ಲ. ಎಎಫ್‌ಎಂ ಮೊನೆಯಿಂದ ಪಾಲಿಸ್ಟೈರೀನ್ ಪದರವನ್ನು ಉಜ್ಜುತ್ತ ಹೋದರೆ ಅದರ ಮೇಲೆ ಅಲೆಅಲೆಯಾದ ಏಣುಗಳು ಏಳುತ್ತವೆ ಎಂಬುದು 1992ರಿಂದಲೇ ಗೊತ್ತಿದೆ. ಅದಕ್ಕೇ ಮೊನೆಯನ್ನು ಕಂಪಿಸುತ್ತ, ಪ್ರತಿ ಕಂಪನದಲ್ಲಿ ಒಂದು ಕ್ಷಣ ಮಾತ್ರ ತಾಗಿಸುತ್ತೇವೆ. ಹತ್ತು ಮೈಕ್ರೋಮೀಟರಿಗಿಂತ ಚಿಕ್ಕದಾದ ಕ್ಯಾಂಟಿಲಿವರ್ ದ್ರವದಲ್ಲೂ ಸೆಕೆಂಡಿಗೆ ಹತ್ತಿರಹತ್ತಿರ ಹತ್ತು ಲಕ್ಷ ಸಲ ಕಂಪಿಸಬಲ್ಲದು. ಆಗ ಒಂದು ತಾಗುವಿಕೆಗೂ ಮುಂದಿನದಕ್ಕೂ ನಡುವೆ ಮೊನೆ ಸರಿಯುವುದು 0.4 ನ್ಯಾನೋಮೀಟರ್ ಮಾತ್ರ. ಪ್ರತಿ ತಾಗುವಿಕೆ ಮೈಕ್ರೋಸೆಕೆಂಡಿನ ಒಂದು ಭಾಗದಲ್ಲಿ ಮುಗಿಯುವುದರಿಂದ ಪಾಲಿಮರ್‌ನ ಉದ್ದನೆಯ ಅಣುಗಳಾದ ಸರಪಳಿಗಳಿಗೆ ಸಡಿಲಗೊಂಡು ಹರಿಯಲು ಹೊತ್ತೇ ಸಾಲದು; ಪದರ ಆ ಕ್ಷಣಕ್ಕೆ ಗಟ್ಟಿಯಾಗಿಯೇ ವರ್ತಿಸುತ್ತದೆ.

ಗಾಳಿಯಲ್ಲಿ ಈ ಅನುಕೂಲ ಕಡಿಮೆ. ಅಲ್ಲಿ ಕಂಪನ ಬೇಗ ಅಡಗುವುದಿಲ್ಲ. ಸೆಕೆಂಡಿಗೆ ಮೂರು ಲಕ್ಷ ಸಲ ಕಂಪಿಸುವ ಸಾಮಾನ್ಯ ಕ್ಯಾಂಟಿಲಿವರ್ ಮೇಲ್ಮೈಯ ಏರಿಳಿತಕ್ಕೆ ಹೊಂದಿಕೊಳ್ಳಲು ಸುಮಾರು 0.4 ಮಿಲಿಸೆಕೆಂಡ್ ಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಸಾಲನ್ನು ಒಂದು ದಿಕ್ಕಿನಲ್ಲಿ ದಾಟಲು ಇರುವುದೇ ಅರ್ಧ ಮಿಲಿಸೆಕೆಂಡ್. ನೀರನ್ನು ಹೀರದ ಪಾಲಿಮರ್ ಆದರೆ ನೀರಿನಡಿಯಲ್ಲೇ ನೋಡುವುದು ಒಳ್ಳೆಯದೆಂದು ನಾನು ಹೇಳುವುದು ಇದಕ್ಕೇ.

ಆದರೂ ಸಣ್ಣ ಸಣ್ಣ ತಾಗುವಿಕೆಗಳು ಕೂಡಿ ದೊಡ್ಡದಾಗಬಹುದು. ಬ್ಲಾಕ್ ಕೋಪಾಲಿಮರ್ ಪದರವನ್ನು ತೆಗೆದುಕೊಳ್ಳಿ. ಎರಡು ಬಗೆಯ ಸರಪಳಿಗಳು ಬೆಸೆದುಕೊಂಡ ಇದರ ಅಣುಗಳು ತಾವಾಗಿಯೇ ಹತ್ತಾರು ನ್ಯಾನೋಮೀಟರ್ ಅಂತರದ ಪಟ್ಟೆಗಳಾಗಿ ಜೋಡಿಸಿಕೊಳ್ಳುತ್ತವೆ. ಪಟ್ಟೆಗಳಲ್ಲಿ ಅಲ್ಲಲ್ಲಿ ತುಂಡಾದ, ತಪ್ಪಾಗಿ ಸೇರಿದ ಜಾಗಗಳಿರುತ್ತವೆ. ಬಿಸಿ ಮಾಡಿದಾಗ ಆ ದೋಷಗಳು ಸರಿದಾಡುತ್ತವೆ, ಎರಡು ಎದುರಾದರೆ ಒಮ್ಮೊಮ್ಮೆ ಒಂದನ್ನೊಂದು ಅಳಿಸಿಬಿಡುತ್ತವೆ. ಅದನ್ನು ಕಣ್ಣೆದುರೇ ನೋಡುವುದಕ್ಕಿಂತ ಹೆಚ್ಚಿನ ಖುಷಿ ಈ ಕೆಲಸದಲ್ಲಿ ನನಗೆ ಬೇರೆಯಿಲ್ಲ. ಅದು ಮೊನೆ ತಳ್ಳಿದ್ದಲ್ಲ ಎಂದು ಹೇಗೆ ಹೇಳುವುದು?

ಮೊನೆಯನ್ನು ಮೇಲೆತ್ತಿ ಸ್ವಲ್ಪ ಹೊತ್ತು ಕಾಯಬೇಕು. ದೋಷ ತಾನಾಗಿ ಚಲಿಸುತ್ತಿದ್ದರೆ ಅದರ ಸರಿದಾಟ ಕಳೆದ ಹೊತ್ತನ್ನು ಅನುಸರಿಸುತ್ತದೆ, ನಾವು ನೋಡಿದರೂ ನೋಡದಿದ್ದರೂ. ಮೊನೆಯೇ ತಳ್ಳುತ್ತಿದ್ದರೆ ಅದು ಎಷ್ಟು ಸಲ ತಡವಿದೆವು ಎಂಬುದನ್ನು ಅನುಸರಿಸುತ್ತದೆ. ತಾಗುವ ಬಲವನ್ನು ನಡುವೆಯೇ ಬದಲಿಸಿ ನೋಡಬೇಕು. ತಡವುವ ದಿಕ್ಕನ್ನು 90 ಡಿಗ್ರಿ ತಿರುಗಿಸಬೇಕು. ಕೊನೆಗೆ ಹಿಂದೆ ಸರಿದು ದೊಡ್ಡ ಜಾಗದ ಚಿತ್ರ ತೆಗೆಯಬೇಕು. ನೋಡಿದ ಚೌಕ ಸುತ್ತಲಿನ ಪದರಕ್ಕಿಂತ ಬೇರೆಯಾಗಿ ಕಂಡರೆ ಆ ದತ್ತಾಂಶವನ್ನು ಬದಿಗಿಡುವುದೇ ಸರಿ. ಚಿತ್ರಕ್ಕೆ ಐದು ನಿಮಿಷ ಬೇಕಾದಾಗ ಇವೆಲ್ಲ ಒಂದು ದೋಷದ ಆಯುಸ್ಸಿನೊಳಗೆ ಮುಗಿಯುವುದು ಕಷ್ಟ. ಸೆಕೆಂಡಿಗೆ ಹಲವು ಚಿತ್ರ ಬರುತ್ತಿದ್ದರೆ ಅದೇ ದೋಷದ ಮೇಲೆ ಎಲ್ಲವನ್ನೂ ಮಾಡಬಹುದು.

ಪೂರ್ತಿ ಕರಗಿದ, ಅಂಟುವ ಪದರದಲ್ಲಿ ಮಾತ್ರ ಇದು ನಡೆಯುವುದಿಲ್ಲ. ಪಾಲಿಮರ್ ಮೊನೆಗೇ ಹತ್ತಿಕೊಂಡು ಮೇಲೇರುತ್ತದೆ, ಆಮೇಲೆ ಪ್ರತಿ ಚಿತ್ರದಲ್ಲೂ ಮೊನೆಯ ಆಕಾರವೇ ಬೇರೆ. ಅಂಥ ಮಾದರಿಗೆ ಮುಟ್ಟದೆ ಅಳೆಯುವ ಬೆಳಕಿನ ಅಥವಾ ಎಕ್ಸ್-ರೇ ವಿಧಾನವನ್ನೇ ಹಿಡಿಯಿರಿ ಎನ್ನುತ್ತೇನೆ.