ಘಾಟ್ ಇಳಿಯುವ ಎರಡೂವರೆ ಗಂಟೆ

ಬೆಂಗಳೂರು–ಮಂಗಳೂರು ರೈಲು ಪಶ್ಚಿಮ ಘಟ್ಟ ಇಳಿಯುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ; ಹಳಿ ಸುಮಾರು 55 ಕಿ.ಮೀ. ಸುರಂಗಗಳು 57, ಅಂದರೆ ಕಿಲೋಮೀಟರಿಗೊಂದರ ಲೆಕ್ಕ. ಸೇತುವೆಗಳು ನೂರಕ್ಕೂ ಹೆಚ್ಚು. ಇಳಿಜಾರು 50 ಮೀಟರಿಗೆ ಒಂದು ಮೀಟರ್, ಆದ್ದರಿಂದ ರೈಲು ತೆವಳಿಕೊಂಡೇ ಹೋಗುತ್ತದೆ. ಇಷ್ಟು ದೂರಕ್ಕೆ ಹೆಚ್ಚುಕಡಿಮೆ ಎರಡೂವರೆ ಗಂಟೆ. ಅಷ್ಟು ಹೊತ್ತು ಫೋನಿಗೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಲೆಯಿಂದ ಆಫೀಸನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಕಡಿಮೆ.

ಆದರೂ ಎಷ್ಟೋ ಜನ ಈ ದಾರಿಯಲ್ಲೂ ಚಡಪಡಿಸುತ್ತಾರೆ. ತಪ್ಪು ಆಗಿರುವುದು ಟಿಕೆಟ್ ಮಾಡುವಾಗಲೇ. ಸಂಜೆ ಮಂಗಳೂರಿನಲ್ಲಿ ಮದುವೆ ಆರತಕ್ಷತೆ ಇಟ್ಟುಕೊಂಡು ಹಗಲು ರೈಲು ಹತ್ತಿದರೆ, ನಡುದಾರಿಯ ಎಡಕುಮೇರಿ ನಿಲ್ದಾಣದಲ್ಲಿ ಎದುರಿನ ಗಾಡಿಗಾಗಿ ನಿಂತ ಪ್ರತಿ ನಿಮಿಷವೂ ಗಂಟೆಯಾಗುತ್ತದೆ. ಒಂದೇ ಹಳಿ, ನಿಲ್ಲಲೇಬೇಕು. ಆ ದಿನ ಸಂಜೆಗೆ ಏನನ್ನೂ ಗೊತ್ತುಮಾಡಬೇಡಿ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ವಾರಾಂತ್ಯದಲ್ಲಿ ವಿಸ್ಟಾಡೋಮ್ ಎಂಬ ಗಾಜಿನ ಬೋಗಿಯ ಸೀಟುಗಳು ಬೇಗ ಮುಗಿಯುತ್ತವೆ.

ವಿಸ್ಟಾಡೋಮ್ ಬಂದದ್ದು 2021ರ ಜುಲೈನಲ್ಲಿ. ಗಾಜಿನ ಚಾವಣಿ, ತಿರುಗುವ 44 ಸೀಟು. ನೋಡಲು ಚೆಂದವೇ. ಆದರೆ ಎಸಿ ಬೋಗಿ, ಕಿಟಕಿ ತೆರೆಯದು. ಹಸಿ ಮಣ್ಣಿನ ವಾಸನೆ, ಸುರಂಗದೊಳಗೆ ಗಾಲಿಗಳ ಗುಡುಗು, ಮುಖಕ್ಕೆ ಹೊಡೆಯುವ ತಣ್ಣನೆ ಗಾಳಿ ಬೇಕಿದ್ದವರು ಕಿಟಕಿ ತೆರೆಯುವ ಸಾದಾ ಬೋಗಿಯಲ್ಲೇ ಕೂರಬೇಕು. ಆಯ್ಕೆ ನನ್ನದಾದರೆ ಸಾದಾ ಬೋಗಿಯೇ. ಕಣಿವೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವುದರಿಂದ ಯಾವ ಬದಿ ಸಿಕ್ಕಿತು ಎಂಬ ಹೊಟ್ಟೆಯುರಿ ಬೇಡ.

ಹಾಸನ ದಾಟಿದೊಡನೆ ಕಳಿಸಬೇಕಾದ ಮೆಸೇಜುಗಳನ್ನೆಲ್ಲ ಕಳಿಸಿಬಿಡಿ, ‘ಸಂಜೆವರೆಗೆ ಸಿಗುವುದಿಲ್ಲ’ ಎಂದೂ ತಿಳಿಸಿ. ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗಿಡಿ. ಮರೆತೇನೆಂಬ ಭಯವಿರುವತನಕ ಮನಸ್ಸು ಅದನ್ನೇ ಮೆಲುಕು ಹಾಕುತ್ತಿರುತ್ತದೆ, ಚೀಟಿಗೆ ಒಪ್ಪಿಸಿದ ಮೇಲೆ ಸುಮ್ಮನಾಗುತ್ತದೆ. ಊಟವೂ ಸಕಲೇಶಪುರಕ್ಕೆ ಮೊದಲೇ ಮುಗಿಯಲಿ. ಚಿತ್ರಾನ್ನದ ಡಬ್ಬಿ ಕೈಯಲ್ಲಿದ್ದರೆ ಜಲಪಾತ ಹಿಂದೆ ಹೋಗಿರುತ್ತದೆ. ಸಕಲೇಶಪುರ ದಾಟಿ ದೋಣಿಗಲ್ ನಿಲ್ದಾಣ ಬರುವ ಹೊತ್ತಿಗೆ ಫೋನ್ ಏರೋಪ್ಲೇನ್ ಮೋಡ್‌ಗೆ ಹೋಗಿ ಚೀಲ ಸೇರಲಿ. ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ತೀರುವುದೂ ತಪ್ಪುತ್ತದೆ.

ಕ್ಯಾಮೆರಾದ ಕಥೆ ಬೇರೆ. ಸುರಂಗದ ಕತ್ತಲೆಗೆ ಹೊಂದಿಕೊಂಡ ಲೆನ್ಸ್ ಹೊರಗಿನ ಬೆಳಕಿಗೆ ಬಂದಾಗ ಒಂದು ಕ್ಷಣ ಎಲ್ಲ ಬೆಳ್ಳಗೆ. ಅದು ಸರಿಹೋಗಿ ಫೋಕಸ್ ಸಿಗುವಷ್ಟರಲ್ಲಿ ಮುಂದಿನ ಸುರಂಗ. ಕೊನೆಗೆ ಉಳಿಯುವುದು ಮಸುಕು ಹಸಿರಿನ ನೂರು ಫೋಟೊ. ಹತ್ತು ಫೋಟೊ ಸಾಕೆಂದು ಮೊದಲೇ ತೀರ್ಮಾನಿಸಿ, ಸಕಲೇಶಪುರದಲ್ಲಿ ರೈಲು ನಿಂತಾಗಲೇ ಒಂದೆರಡು ತೆಗೆದುಬಿಡಿ. ಆಮೇಲೆ ಕತ್ತಲೆಯಾದಾಗ ಕಣ್ಣು ಮುಚ್ಚಿ, ಬೆಳಕಾದಾಗ ತೆರೆಯಿರಿ. ಹತ್ತನೇ ಸುರಂಗದ ಹೊತ್ತಿಗೆ ಉಸಿರು ತಾನಾಗಿ ನಿಧಾನವಾಗಿರುತ್ತದೆ. ಬಾಗಿಲಲ್ಲಿ ನೇತಾಡುವ ಶೋಕಿ ಮಾತ್ರ ಬೇಡ: ಸುರಂಗದ ಗೋಡೆ ಕೈಗೆಟಕುವಷ್ಟು ಹತ್ತಿರ ಹಾದುಹೋಗುತ್ತದೆ. ಹಳಿಯ ಮೇಲೆ ಚಾರಣ ಹೊರಡುವುದೂ ನಿಷಿದ್ಧ.

ಕಾಲ? ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಝರಿಗಳು ಇನ್ನೂ ಬತ್ತಿರುವುದಿಲ್ಲ, ಮಂಜು ಎದ್ದು ಹೋಗಿರುತ್ತದೆ. ಜೋರು ಮಳೆಗಾಲದಲ್ಲಿ ಕಿಟಕಿಯಾಚೆ ಬರೀ ಬಿಳುಪು, ಜೊತೆಗೆ ಗುಡ್ಡ ಕುಸಿಯುವ ಭಯ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಕುಸಿದು ಹಲವು ದಿನ ಸಂಚಾರವೇ ನಿಂತಿತ್ತು. ವಿದ್ಯುದೀಕರಣದ ಕೆಲಸಕ್ಕಾಗಿ 2025ರಲ್ಲಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಹಾಗಾಗಿ ಹೊರಡುವ ಹಿಂದಿನ ದಿನ ರೈಲು ಓಡುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಸುಬ್ರಹ್ಮಣ್ಯ ರೋಡ್‌ನಲ್ಲಿ ಕರಾವಳಿಯ ಸೆಕೆ ಒಮ್ಮೆಲೇ ಮೈಗೆ ಅಂಟುತ್ತದೆ. ಸ್ವೆಟರ್ ಬಿಚ್ಚಿ, ನೀರು ಕುಡಿಯಿರಿ. ಫೋನನ್ನು ಕಬಕ ಪುತ್ತೂರು ಬರುವವರೆಗೂ ಚೀಲದಿಂದ ತೆಗೆಯಬೇಡಿ.