ಹದಿನಾಲ್ಕು ಜನರ ಊರಲ್ಲಿ ಏನಿದೆ ನೋಡೋಕೆ?

ನಮ್ಮ ಮನೆಗೆ ಬಂದ ನೆಂಟರಿಗೆಲ್ಲ ಈ ಗ್ರಹಚಾರ ತಪ್ಪಿದ್ದಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಒಂದು ವಾರ ಕಳೆಯುವುದರೊಳಗೆ ನಾನು ಅವರನ್ನು ಕಾರಿಗೆ ಹತ್ತಿಸಿಕೊಂಡು ನಿಕೊಡೆಮಸ್‌ಗೆ ಕರೆದುಕೊಂಡು ಹೋಗಿರುತ್ತೇನೆ. ಹೋಗಲು ಸುಮಾರು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ದಾರಿಯಲ್ಲಿ ‘ಎಷ್ಟು ಜನ ಇದ್ದಾರೆ ಆ ಊರಲ್ಲಿ?’ ಎಂದು ಕೇಳುತ್ತಾರೆ. 2020ರ ಜನಗಣತಿ ಪ್ರಕಾರ 14 ಅನ್ನುತ್ತೇನೆ. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: ‘ಮತ್ತೆ ಅಲ್ಲಿ ಏನಿದೆ ನೋಡೋಕೆ?’

ಆಫೀಸಿನವರೂ ಇದನ್ನೇ ಕೇಳುತ್ತಾರೆ, ಊರಿಂದ ಫೋನು ಮಾಡಿದವರೂ ಕೇಳುತ್ತಾರೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಿ ಅನ್ನಬಹುದು ಅಂತ ಬರೆಯುತ್ತಿದ್ದೇನೆ.

ಅಪ್ಪ ರಾಣೆಬೆನ್ನೂರಿನಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಸಲೈನಾ ದಾಟಿ, ಹೇಸ್‌ನಲ್ಲಿ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿ, ಸ್ಟಾಕ್ಟನ್ ಊರಿನಿಂದ ಪಶ್ಚಿಮಕ್ಕೆ 24ನೇ ನಂಬರಿನ ರಸ್ತೆ ಹಿಡಿದೆವು. ಕಣ್ಣು ಹಾಯಿಸಿದಷ್ಟೂ ಬಯಲು. ನಿಕೊಡೆಮಸ್ ಬಂತು ಅಂತ ಕಾರು ನಿಲ್ಲಿಸಿದೆ. ಅಪ್ಪ ಇಳಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಾಲ್ಕೂ ದಿಕ್ಕು ನೋಡಿದರು.

“ಊರು ಎಲ್ಲೈತವ್ವಾ?”

ಅಲ್ಲಿ ಮೊದಲು ಈ ಪ್ರಶ್ನೆ ಕೇಳಿದ್ದು ನಮ್ಮಪ್ಪ ಅಲ್ಲ. 1878ರ ವಸಂತದಲ್ಲಿ ಕೆಂಟಕಿ ರಾಜ್ಯದಿಂದ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಒಂದು ಗುಂಪು ಬಂತು. ಅದರಲ್ಲಿ ವಿಲಿಯಾನಾ ಹಿಕ್‌ಮನ್ ಎಂಬಾಕೆ ಇದ್ದಳು, ಪಾದ್ರಿ ಡೇನಿಯಲ್ ಹಿಕ್‌ಮನ್‌ನ ಹೆಂಡತಿ. ಎಲ್ಲಿಸ್ ಎಂಬಲ್ಲಿ ರೈಲಿಳಿದು ದಿನಗಟ್ಟಲೆ ಹುಲ್ಲುಗಾವಲಲ್ಲಿ ನಡೆದಿದ್ದರು. ಜೊತೆಯವರು ‘ಅಗೋ ನಿಕೊಡೆಮಸ್’ ಎಂದು ಕೂಗಿದಾಗ ಕಾಯಿಲೆಯಿಂದ ನರಳುತ್ತಿದ್ದ ಈಕೆ ಕಣ್ಣರಳಿಸಿ ನೋಡಿದಳು. ಎಲ್ಲಿದೆ, ಕಾಣಿಸುತ್ತಿಲ್ಲವಲ್ಲ ಎಂದಳು. ಗಂಡ ನೆಲದೊಳಗಿಂದ ಅಲ್ಲಲ್ಲಿ ಏಳುತ್ತಿದ್ದ ಹೊಗೆ ತೋರಿಸಿ ಅದೇ ಊರು ಎಂದ. ಜನ ನೆಲ ಕೊರೆದು ಬಿಲ ಮಾಡಿಕೊಂಡು ಅದರೊಳಗೆ ಸಂಸಾರ ಮಾಡುತ್ತಿದ್ದರು. ನೋಡಿ ಅತ್ತುಬಿಟ್ಟೆ ಅಂತ ಮುಪ್ಪಿನಲ್ಲಿ ತಾನೇ ಹೇಳಿಕೊಂಡಿದ್ದಾಳೆ.

ಇದನ್ನು ಹೇಳಿದಾಗ ಅಪ್ಪ ಒಂದು ಗಳಿಗೆ ಸುಮ್ಮನಿದ್ದು, “ಹಗೇವಿನ್ಯಾಗ ನಾವು ಜ್ವಾಳ ಇಡ್ತಿದ್ವಿ. ಇವ್ರು ಮಂದೀನ ಇದ್ರಾ?” ಅಂದರು. ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಇದನ್ನು ಇಷ್ಟು ಸಲೀಸಾಗಿ ನನಗೆ ಯಾರಿಗೂ ವಿವರಿಸಲು ಆಗಿರಲಿಲ್ಲ.

ಅಷ್ಟು ದೂರದಿಂದ ಅವರು ಬಂದಿದ್ದಾದರೂ ಯಾಕೆ? ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1865ರಲ್ಲಿ. ಹನ್ನೆರಡು ವರ್ಷ ಕಳೆದರೂ ಬಿಡುಗಡೆಯಾದವರಲ್ಲಿ ಹೆಚ್ಚಿನವರ ಹೆಸರಲ್ಲಿ ತುಂಡು ಭೂಮಿ ಇರಲಿಲ್ಲ. ಹಳೇ ಧಣಿಗಳ ಹೊಲದಲ್ಲೇ ಪಾಲಿಗೆ ದುಡಿಯಬೇಕು. ಇತ್ತ 1862ರ ಹೋಮ್‌ಸ್ಟೆಡ್ ಕಾಯ್ದೆ, ಐದು ವರ್ಷ ಉತ್ತು ಬಿತ್ತಿ ಅಲ್ಲೇ ವಾಸವಿದ್ದವರಿಗೆ 160 ಎಕರೆ ಕೊಡುತ್ತೇನೆ ಅನ್ನುತ್ತಿತ್ತು. 1877ರಲ್ಲಿ ಕಪ್ಪು ಪಾದ್ರಿ ಡಬ್ಲ್ಯು. ಎಚ್. ಸ್ಮಿತ್, ಬಿಳಿಯ ಭೂವ್ಯಾಪಾರಿ ಡಬ್ಲ್ಯು. ಆರ್. ಹಿಲ್ ಮತ್ತಿತರರು ಸೇರಿ ನಿಕೊಡೆಮಸ್ ಟೌನ್ ಕಂಪನಿ ಕಟ್ಟಿದರು. ಕೆಂಟಕಿಯಲ್ಲಿ ಕರಪತ್ರ ಹಂಚಿದರು. ಐದು ಡಾಲರ್ ಕೊಟ್ಟರೆ ಕ್ಯಾನ್ಸಸ್‌ಗೆ ಹೋಗಬಹುದು, ಸೆಪ್ಟೆಂಬರ್ 5ಕ್ಕೆ ಹೊರಡುವುದು ಎಂದು ಒಂದು ಕರಪತ್ರ ಸಾರುತ್ತಿತ್ತು. ನಮ್ಮ ಕಡೆ ಸೈಟು ಮಾರುವವರ ಜಾಹೀರಾತು ಓದಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಬಂದಿಳಿದವರು ಮುನ್ನೂರಕ್ಕೂ ಹೆಚ್ಚು. ನೋಡಿದರೆ ಮರವಿಲ್ಲ, ಮನೆಯಿಲ್ಲ. ಕೆಲವರು ವಾಪಸ್ ಹೊರಟರು. ಇನ್ನು ಕೆಲವರು ಹಿಲ್‌ನನ್ನು ನೇಣಿಗೆ ಹಾಕಲು ಹುಡುಕಿದರಂತೆ, ಆತ ತಲೆಮರೆಸಿಕೊಂಡನಂತೆ.

ಆ ಚಳಿಗಾಲ ಅವರು ಹೇಗೆ ಬದುಕಿದರು ಎಂಬುದೇ ನನಗೆ ಈ ಇಡೀ ಕಥೆಯಲ್ಲಿ ದೊಡ್ಡದು. ಬೇಸಾಯಕ್ಕೆ ಕಾಲ ಮೀರಿತ್ತು, ಉಳಲು ಎತ್ತು ಕುದುರೆ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಸೌದೆಗೆ ಸೂರ್ಯಕಾಂತಿ ದಂಟು, ಒಣಗಿದ ಕಾಡೆಮ್ಮೆ ಸಗಣಿ. ಬೇಟೆ ಮುಗಿಸಿ ವಾಪಸಾಗುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಹೋದರು. ಬಿಳಿಯರು ನೆಲ ಕಿತ್ತುಕೊಂಡು ಓಡಿಸುತ್ತಿದ್ದ ಜನ ಬಿಳಿಯರ ಗುಲಾಮರಾಗಿದ್ದವರಿಗೆ ಊಟ ಕೊಟ್ಟರು. ಆ ಶರತ್ಕಾಲದಲ್ಲೇ ಊರಿನ ಮೊದಲ ಮಗು ಹುಟ್ಟಿತು, ಹೆನ್ರಿ ವಿಲಿಯಮ್ಸ್ ಎಂದು ಹೆಸರಿಟ್ಟರು. ಮಾರನೇ ವರ್ಷ ಹೆಚ್ಚಿನವರು ಗುದ್ದಲಿಯಲ್ಲಿ ನೆಲ ಅಗೆದು ಬಿತ್ತಿದರು. ಹುಲ್ಲಿನ ಬೇರು ಹೆಣೆದುಕೊಂಡು ಚಾಪೆಯಂತಾಗಿರುವ ನೆಲವನ್ನು ಗುದ್ದಲಿಯಲ್ಲಿ ಅಗೆಯುವುದು ಎಂದರೇನು ಅಂತ ನನಗಿಂತ ಅಪ್ಪನಿಗೆ ಚೆನ್ನಾಗಿ ಗೊತ್ತು. ಅವರು ಬಾಯಲ್ಲಿ ‘ತ್ಚು’ ಅಂದರು, ಅಷ್ಟೆ.

ಊರು ನಿಂತಿತು. ಜೆನ್ನಿ ಫ್ಲೆಚರ್ ನೆಲಮನೆಯಲ್ಲೇ ಶಾಲೆ ತೆರೆದಳು. ಅವಳ ಗಂಡ ಝಕಾರಿ ಹೋಟೆಲು ಕಟ್ಟಿದ. 1878ರಲ್ಲಿ ಬಂದು ನೆಲೆಸಿದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ಎರಡು ವರ್ಷದ ಮೇಲೆ ಮತ್ತೆ ಗೆದ್ದ. 1886ರಲ್ಲಿ ‘ವೆಸ್ಟರ್ನ್ ಸೈಕ್ಲೋನ್’, ಮರುವರ್ಷ ‘ನಿಕೊಡೆಮಸ್ ಎಂಟರ್‌ಪ್ರೈಸ್’ ಎಂದು ಎರಡು ಪತ್ರಿಕೆ ಶುರುವಾದವು. ಸುತ್ತಲ ಹೊಲದವರನ್ನೂ ಸೇರಿಸಿ ಆರೇಳು ನೂರು ಜನ ಇದ್ದರು ಅನ್ನುತ್ತಾರೆ. ಅಷ್ಟು ಜನಕ್ಕೆ ಎರಡು ಪತ್ರಿಕೆ! ಅವಕ್ಕೂ ಪರಸ್ಪರ ಆಗಿಬರುತ್ತಿರಲಿಲ್ಲ ಎಂದು ಬೇರೆ ಹೇಳಬೇಕೆ.

ಮತ್ತೆ ಹದಿನಾಲ್ಕಕ್ಕೆ ಇಳಿದದ್ದು ಹೇಗೆ? ರೈಲು. ಆ ಬಯಲಲ್ಲಿ ರೈಲು ನಿಂತರೆ ಊರು, ಇಲ್ಲವಾದರೆ ಇಲ್ಲ. ಬೆಳೆದ ಗೋಧಿ ಮಾರುಕಟ್ಟೆಗೆ ಹೋಗಬೇಕಲ್ಲ. 1887ರಲ್ಲಿ ನಿಕೊಡೆಮಸ್‌ನವರು ಮಿಸೂರಿ ಪೆಸಿಫಿಕ್ ಕಂಪನಿ ತಮ್ಮಲ್ಲಿಗೆ ಹಳಿ ಹಾಕಲಿ ಅಂತ 16,000 ಡಾಲರ್ ಬಾಂಡ್ ಕೊಡಲು ಮತ ಹಾಕಿದರು. ಹತ್ತು ವರ್ಷದ ಹಿಂದೆ ಬಿಲದಲ್ಲಿ ಇದ್ದವರು! ಹಳಿ ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ಸಾಲೊಮನ್ ನದಿಯ ಆಚೆಗೆ, ಕೆಲವೇ ಮೈಲಿ ದೂರದಲ್ಲಿ. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ಅಂಗಡಿಯವರು ಒಬ್ಬೊಬ್ಬರಾಗಿ ನದಿ ದಾಟಿದರು, ಕೆಲವರು ಮರದ ಕಟ್ಟಡವನ್ನೇ ಎಬ್ಬಿಸಿ ಎಳೆದುಕೊಂಡು ಹೋದರು. ಪತ್ರಿಕೆಗಳೂ ನಿಂತವು. ಮೆಕೇಬ್ ಓಕ್ಲಹೋಮಾ ಕಡೆ ಹೋಗಿ 1890ರಲ್ಲಿ ಲ್ಯಾಂಗ್‌ಸ್ಟನ್ ಎಂಬ ಇನ್ನೊಂದು ಊರು ಕಟ್ಟುವುದರಲ್ಲಿ ತೊಡಗಿದ.

ಎಲ್ಲವನ್ನೂ ರೈಲಿನ ತಲೆಗೆ ಕಟ್ಟುವುದು ಮಾತ್ರ ಸರಿಯಲ್ಲ. ಅಂಗಡಿಗಳು ಹೋದರೂ ಒಕ್ಕಲುಗಳು ಉಳಿದಿದ್ದರು. ಅವರನ್ನು ಕದಲಿಸಿದ್ದು ಮಣ್ಣು, ಮಳೆ. ಅಪ್ಪ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತು ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿದರು. “ಎರಿ ಅಲ್ಲ, ಮಸಾರಿ ಅಲ್ಲ. ಹಿಟ್ಟಿನಂಗೈತಿ ನೋಡು.” ಗಾಳಿ ತಂದು ಸುರಿದ ಮಣ್ಣು ಅದು, ಗಾಳಿಯೇ ಹೊತ್ತೂ ಹೋಗುತ್ತದೆ. 1930ರ ದಶಕದಲ್ಲಿ ಬರ ಬಿದ್ದು ಧೂಳಿನ ಬಿರುಗಾಳಿ ಎದ್ದಾಗ ಆದದ್ದು ಅದೇ. 160 ಎಕರೆ ಎಂದು ಕೇಳಿ ಅಪ್ಪ ಮೊದಲು ಹುಬ್ಬೇರಿಸಿದ್ದರು, ನಮ್ಮಲ್ಲಿ ಗೌಡರಿಗೂ ಅಷ್ಟಿಲ್ಲ ಅಂತ. ಆದರೆ ಆ ಒಣಭೂಮಿಯಲ್ಲಿ ಅಷ್ಟರಲ್ಲಿ ಒಂದು ಸಂಸಾರ ನಡೆಯುವುದಿಲ್ಲ. ಟ್ರ್ಯಾಕ್ಟರು ಬಂದಿತು, ಹೊಲಕ್ಕೆ ಹೊಲ ಸೇರಿ ದೊಡ್ಡದಾಯಿತು, ಮಂದಿ ಕಡಿಮೆಯಾದರು. ಈಗ ಕ್ಯಾನ್ಸಸ್‌ನಲ್ಲಿ ಸರಾಸರಿ ಒಂದು ಹಿಡುವಳಿಯೇ 800 ಎಕರೆ ಆಸುಪಾಸು. ನಿಕೊಡೆಮಸ್‌ನ ಅಂಚೆ ಕಚೇರಿ 1953ರಲ್ಲಿ, ಶಾಲೆ 1960ರಲ್ಲಿ ಮುಚ್ಚಿದವು. ಇದು ಬರೀ ಕಪ್ಪು ಜನರ ಊರಿನ ಗತಿಯೂ ಅಲ್ಲ. ಸುತ್ತಲಿನ ಇಡೀ ಗ್ರಹಾಂ ಕೌಂಟಿಯಲ್ಲಿ 2020ರಲ್ಲಿ ಸಿಕ್ಕಿದ್ದು 2,415 ಜನ. ನಮ್ಮ ರಾಣೆಬೆನ್ನೂರಿನ ಒಂದು ವಾರ್ಡು ಅಷ್ಟಿರುತ್ತದೆ.

ಹಾಗಾದರೆ ಏನಿದೆ ನೋಡೋಕೆ? ಐದು ಕಟ್ಟಡಗಳಿವೆ: ಎರಡು ಚರ್ಚು, ಶಾಲೆ, ಫ್ಲೆಚರ್ ದಂಪತಿಯ ಹೋಟೆಲು, 1939ರ ಸುಣ್ಣಕಲ್ಲಿನ ಟೌನ್‌ಶಿಪ್ ಹಾಲ್, ಅಂದರೆ ಊರ ಸಭಾಭವನ. ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಪಟ್ಟು ಹಿಡಿದದ್ದರಿಂದ 1996ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಮುಟ್ಟಿ ನೋಡಿ ಬರಲು ಅರ್ಧ ಗಂಟೆ ಸಾಕು.

ನಾನು ಹೋಗುವುದು ಕಟ್ಟಡಕ್ಕಲ್ಲ. ಜನಗಣತಿಯವರು ಏಪ್ರಿಲ್ 1ರ ಲೆಕ್ಕ ಹಿಡಿಯುತ್ತಾರೆ. ಅವರು ಜುಲೈ ಕೊನೆಯ ವಾರಾಂತ್ಯದಲ್ಲಿ ಬರಬೇಕಿತ್ತು. ಅವತ್ತು ಹೋಮ್‌ಕಮಿಂಗ್, ಊರು ಬಿಟ್ಟವರು ಮರಳಿ ಬಂದು ಸೇರುವುದು. ಇದು 1878ರಿಂದ ನಡೆದುಬಂದ ಹಬ್ಬ; ಮೊದಲು ಆಗಸ್ಟ್ 1ಕ್ಕೆ, ಬ್ರಿಟಿಷರ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ರದ್ದಾದ ದಿನದ ನೆನಪಿಗೆ ಮಾಡುತ್ತಿದ್ದರು. ನಾನು ಒಮ್ಮೆ ಹೋಗಿದ್ದಾಗ ಕೊಲರಾಡೊ, ಕ್ಯಾಲಿಫೋರ್ನಿಯಾ ನಂಬರ್ ಪ್ಲೇಟಿನ ಕಾರುಗಳು ಹುಲ್ಲಿನ ಮೇಲೆ ಸಾಲುಗಟ್ಟಿ ನಿಂತಿದ್ದವು. ಬಿಸಿಲಲ್ಲಿ ಮಾಂಸ ಸುಡುವ ಹೊಗೆ, ಮೆರವಣಿಗೆ, ಕುದುರೆಗಳು. ನೂರಾರು ಜನ. ಕುರ್ಚಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಒಂದು ಹುಡುಗನನ್ನು ಹತ್ತಿರ ಕರೆದು, ಮುಖ ಹಿಡಿದು ತಿರುಗಿಸಿ ನೋಡಿ, ಯಾರ ಮನೆಯವನು ಅಂತ ತಾನೇ ಹೇಳಿಬಿಟ್ಟಳು. ಆ ಹುಡುಗ ಹುಟ್ಟಿದ್ದು ಡೆನ್ವರ್‌ನಲ್ಲಿ. ಎಲ್ಲಿಯವನಪ್ಪಾ ಎಂದು ನಾನು ಕೇಳಿದರೆ ‘ನಿಕೊಡೆಮಸ್’ ಅಂದ.

ಅವನನ್ನು ಎಲ್ಲಿ ಎಣಿಸಬೇಕು? ಜಾತ್ರೆಗೆ ಮಾತ್ರ ಬೆಂಗಳೂರಿನಿಂದ ಊರಿಗೆ ಬಂದು, ಉಳಿದ ವರ್ಷವೆಲ್ಲ ‘ನಮ್ಮೂರಲ್ಲಿ’ ಎಂದೇ ಮಾತು ಶುರು ಮಾಡುವವರ ನಡುವೆ ಬೆಳೆದ ನನಗೆ ಇದೇನು ಹೊಸದಲ್ಲ. ಅದಕ್ಕೇ ಇರಬೇಕು ನನಗೆ ಆ ಊರಿನ ಹುಚ್ಚು. ಹೋಗುವವರು ಸ್ಟಾಕ್ಟನ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ನಿಕೊಡೆಮಸ್‌ನಲ್ಲಿ ಬಂಕ್ ಇಲ್ಲ.

ಅಪ್ಪನ ಮಟ್ಟಿಗೆ ನೋಡಬೇಕಾದ್ದು ಬೇರೆಯೇ ಇತ್ತು. ವಾಪಸ್ ಬರುವಾಗ ಒಂದು ಹೊಲದ ಪಕ್ಕ ಕಾರು ನಿಲ್ಲಿಸು ಅಂದರು. ಸೊಂಟದೆತ್ತರಕ್ಕೆ ಒಂದೇ ಸಮ ನಿಂತ ಪೈರು, ಕೆಂಪು ತೆನೆ. ಇಲ್ಲಿ ಅದಕ್ಕೆ ಮೈಲೊ ಅನ್ನುತ್ತಾರೆ.

“ಜ್ವಾಳ!” ಅಂದರು. ಆಮೇಲೆ ಅನುಮಾನ ಬಂದು, “ಇವ್ರೂ ರೊಟ್ಟಿ ತಟ್ತಾರೇನು?”

“ಇಲ್ಲಪ್ಪಾ. ದನಕ್ಕ ಹಾಕ್ತಾರ.”

ಹೇಸ್ ಬರುವವರೆಗೂ ಅವರು ಮಾತಾಡಲಿಲ್ಲ. ಊರಿಗೆ ಹೋದ ಮೇಲೆ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಮೊದಲು ಹೇಳಿದ್ದು ಇದನ್ನಂತೆ. ಆಮೇಲೆ ಹಗೇವಿನಲ್ಲಿ ಬಾಳುವೆ ಮಾಡಿದ ಮಂದಿಯ ಕಥೆ.